ಆನೆಯನ್ನು ಮುಂದೆ ಬಿಡದ ಮಕ್ಕಳು

ಮೊನ್ನೆ ಚಾಮರಾಜನಗರದಿಂದ ಹೊಸ ಬ್ಯಾಟರಿ ಸ್ಪ್ರೇಯರ್ ತಂದೆ. ಜಗಲಿಯ ಮೇಲೆ ಕೂತು ಡಬ್ಬದ ಟೇಪು ಕಿತ್ತು, ಥರ್ಮಾಕೋಲನ್ನು ಕಿರ್ರೆನ್ನಿಸುತ್ತಾ ಎಳೆದಾಗ ಒಳಗಿನಿಂದ ಒಂದು ವಾಸನೆ ಬಂತು. ಹೊಸ ಪ್ಲಾಸ್ಟಿಕ್ಕು, ರಟ್ಟು, ಅದರ ಮೇಲೆ ಸ್ವಲ್ಪ ಮಳೆಯ ಥಂಡಿ. ಸ್ಪ್ರೇಯರನ್ನು ತೊಡೆಯ ಮೇಲೆ ಇಟ್ಟುಕೊಂಡೇ ನಾನು ಮೂರು ವರ್ಷದ ಹಿಂದಿನ ಜೋಳದ ಕಾಲಕ್ಕೆ ಹೋಗಿಬಿಟ್ಟೆ. ಆ ವರ್ಷ ನಮ್ಮೂರ ಶಾಲೆಗೆ ಕಂಪ್ಯೂಟರ್ ಬಂದವು. ಬಂದವು ಅನ್ನುವುದೇನು, ನಾನೇ ತಂದೆ.

ನಮ್ಮೂರು ತಾಳವಾಡಿ ಬೆಟ್ಟದಲ್ಲಿ ಪಣಕಹಳ್ಳಿಯ ಕಡೆಯ ಒಂದು ಸಣ್ಣ ಊರು, ಮಾತು ಕನ್ನಡ, ಸರ್ಕಾರ ತಮಿಳಿನದು. ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆ ಇದೆ. ನಾನು ಅಲ್ಲಿ ಕಲಿತು, ಆರಕ್ಕೆ ಹೋಗಿ, ಅದನ್ನು ಅರ್ಧಕ್ಕೇ ಬಿಟ್ಟು ಅಪ್ಪನ ಜೊತೆ ಗಾಡಿ ಹೊಡೆಯಲು ನಿಂತವನು. ಅದಕ್ಕೆ ನನಗೆ ನಾಚಿಕೆ ಇಲ್ಲ. ಎತ್ತಿನ ಗಾಡಿಯಿಂದ ಶುರುಮಾಡಿ ಸ್ವಂತ ಟೆಂಪೋ ಮಾಡಿಕೊಂಡೆ. ನಮ್ಮ ಸುತ್ತಿನ ಕೋಸು, ಬೀನ್ಸು, ಟೊಮೆಟೊ ನನ್ನ ಟೆಂಪೋ ಹತ್ತಿಯೇ ದಿಂಬಂ ಘಾಟಿ ಇಳಿಯುವುದು. ಓದುವುದನ್ನು ಮಾತ್ರ ಬಿಡಲಿಲ್ಲ. ಲೋಡು ಇಳಿಯುವವರೆಗೂ ಸ್ಟೀರಿಂಗ್ ಮೇಲೆ ಪೇಪರ್ ಹರಡಿಕೊಂಡು ಕೂರುವ ಚಾಳಿ ಇಂದಿಗೂ ಇದೆ.

ನನ್ನ ಹೆಂಡತಿ ಗೌರಿ ಹತ್ತನೇ ಕ್ಲಾಸು ಪಾಸು. ಆ ವರ್ಷ ಅವಳನ್ನು ಶಾಲಾ ನಿರ್ವಹಣಾ ಸಮಿತಿಗೆ ಅಧ್ಯಕ್ಷೆ ಮಾಡಿದ್ದರು. ಕಾಗದಪತ್ರದಲ್ಲೆಲ್ಲ ತಮಿಳಿನ ತಲೈವಿ. ಟೀ ಅಂಗಡಿಯ ಸಿದ್ದರಾಜುವಿಗೆ ಅಷ್ಟು ಸಿಕ್ಕರೆ ಸಾಕಾಗಿತ್ತು.

'ಬತ್ತಾವ್ನೆ ನೋಡ್ರಪ್ಪಾ ತಲೈವಿ ಗಂಡ. ಬೆಂಚು ಬುಡಿ, ಬೆಂಚು ಬುಡಿ.'

'ಟೀ ಕೊಡ್ಲಾ ಮೊದ್ಲು,' ಅಂತ ನಾನು ಕೂರುತ್ತಿದ್ದೆ. ಒಳಗೊಳಗೆ ಖುಷಿಯೇ.

ಘಾಟಿಯ ಕೆಳಗಿನ ಸತ್ಯಮಂಗಲದಲ್ಲಿ ನಾನು ತರಕಾರಿ ಇಳಿಸುವ ಮಂಡಿಯ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದವರಿದ್ದರು. ಎಲ್ಲರೂ ಅವರನ್ನು ಅಯ್ಯಾ ಅಂತಲೇ ಕರೆಯುವುದು. ಅವರ ಮಗನ ಆಫೀಸಿನಲ್ಲಿ ಕಂಪ್ಯೂಟರ್ ಬದಲಾಯಿಸಿದಾಗ ಹಳೆಯವನ್ನು ಸರಿಮಾಡಿಸಿ, ಹೊಸ ಕೀಬೋರ್ಡ್ ಹಾಕಿ ಶಾಲೆಗಳಿಗೆ ಕೊಡುತ್ತಿದ್ದರು. ನಾನು ಸುಮ್ಮನಿರುವವನಲ್ಲ, ನಮ್ಮ ಶಾಲೆಗೂ ಕೊಡಿ ಅಂತ ಕೇಳಿದೆ. ಅವರು ತಮಿಳಿನಲ್ಲಿ ಒಂದು ಮಾತು ಹೇಳಿದರು. ಹಿಂದೆ ಒಂದು ಕಡೆ ಕೊಟ್ಟಿದ್ದೆ, ಹೋಗಿ ನೋಡಿದರೆ ಅವುಗಳ ಮೇಲೆ ಅಕ್ಕಿ ಮೂಟೆ ಜೋಡಿಸಿದ್ದರು. ನಿಮಗೆ ಐದು ಕೊಡುತ್ತೇನೆ. ಚಿಕ್ಕ ಮಕ್ಕಳಿಗೆ ಹೊಂದುವ ಟೈಪಿಂಗ್ ಪಾಠ ಯಾವುದಾದರೂ ಒಂದನ್ನು ನೀವೇ ಆರಿಸಿ ಹಾಕಿಕೊಳ್ಳಿ. ಕಾಲುವಾರ್ಷಿಕ ಪರೀಕ್ಷೆಯ ರಜೆಗೆ ಮುಂಚೆ ನಾನೇ ಬಂದು ನೋಡುತ್ತೇನೆ. ಮಕ್ಕಳ ಬೆರಳು ಓಡುತ್ತಿದ್ದರೆ ನಿಮ್ಮವು, ಇಲ್ಲದಿದ್ದರೆ ಬೇರೆ ಶಾಲೆಗೆ.

ಆಯಿತು ಅಂದೆ. ನನಗೆ ಗೊತ್ತಿಲ್ಲದ ಕೆಲಸಕ್ಕೆ ಅಷ್ಟು ಗಟ್ಟಿಯಾಗಿ ಆಯಿತು ಅಂದದ್ದು ಅದೇ ಮೊದಲು.

ಆಷಾಢದ ಗಾಳಿ ಬೀಸುತ್ತಿದ್ದ ದಿನ. ಖಾಲಿ ಟೆಂಪೋದಲ್ಲಿ ಕೋಸಿನ ಗೋಣಿಗಳನ್ನು ಹಾಸಿ, ಅದರ ಮೇಲೆ ಮನೆಯ ಕಂಬಳಿ ಹಾಸಿ, ಐದೂ ಕಂಪ್ಯೂಟರುಗಳನ್ನು ಬಾಣಂತಿಯನ್ನು ಕೂರಿಸಿದ ಹಾಗೆ ಕೂರಿಸಿದೆ. ಕತ್ತಲಾಗಿ ಬಣ್ಣಾರಿ ಚೆಕ್‌ಪೋಸ್ಟು ಮುಚ್ಚುವುದರೊಳಗೆ ಘಾಟಿ ಹತ್ತಬೇಕು, ಆದರೆ ಓಡಿಸುವ ಹಾಗಿಲ್ಲ. ಒಂದೊಂದು ತಿರುವಿನಲ್ಲೂ ಹಿಂದಿನಿಂದ ಲಾರಿಯವರು ಹಾರ್ನ್ ಬಾರಿಸಿ ಬೈದರು. ಬೈದುಕೊಳ್ಳಲಿ ಅಂತ ಆಮೆಯ ಹಾಗೆ ಹತ್ತಿದೆ. ಮೇಲೆ ಬಂದಾಗ ಸೋನೆ ಮಳೆ, ಎದುರಿಗೆ ಮಂಜು, ಕ್ಯಾಬಿನ್ನಿನ ತುಂಬ ಆ ಹೊಸ ಕೀಬೋರ್ಡುಗಳ ವಾಸನೆ.

ಶಾಲೆಯ ಹಿಂದಿನ ಕೋಣೆಯನ್ನು ಕೋಮಲಾ ಟೀಚರ್ ಸಗಣಿ ಹಾಕಿ ಸಾರಿಸಿದ ಹಾಗೆ ತೊಳೆಸಿಟ್ಟಿದ್ದರು. ಅವರು ಚಾಮರಾಜನಗರದ ಕಡೆಯವರು, ಗಟ್ಟಿ ಹೆಂಗಸು. ಕಂಪ್ಯೂಟರುಗಳನ್ನು ಬೆಂಚಿನ ಮೇಲೆ ಜೋಡಿಸಿ ವೈರು ಸಿಕ್ಕಿಸಿ ಮುಗಿಯುವುದರೊಳಗೆ ಗೌರಿ ಐದೂ ಪರದೆಗಳ ನೆತ್ತಿಗೆ ಮೂರು ಮೂರು ಬೆರಳು ವಿಭೂತಿ ಎಳೆದುಬಿಟ್ಟಳು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಸಾಲಾಗಿ ಬಂದು ಕೀಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡರು.

'ಬೂದಿ ಒಳಕ್ಕೆ ಉದುರುದ್ರೆ ಬಟನ್ನು ಕೂತ್ಕತ್ತವೆ ಕಣಿ,' ಅಂದರು ಟೀಚರ್.

'ಸಾಮಿ ಬೂದಿಯಿಂದ ಏನಾಯ್ತದೆ ಟೀಚರ್,' ಅಂದಳು ಗೌರಿ. ಮಾರನೆಯ ದಿನ ಒಂದು ಬಟನ್ನು ಕೂತೇಬಿಟ್ಟಿತು. ಪೆಟ್ರೋಲ್ ಟ್ಯಾಂಕ್ ಒರೆಸುವ ಬ್ರಷ್ಷಿನಲ್ಲಿ ಕೆರೆದು ಎಬ್ಬಿಸಿದೆ. ಅಂದಿನಿಂದ ವಿಭೂತಿಯನ್ನು ಒದ್ದೆ ಮಾಡಿ ಹಚ್ಚುವ ಒಪ್ಪಂದವಾಯಿತು.

ಇನ್ನು ಪಾಠ ಆರಿಸುವ ಕೆಲಸ. ಮೊದಲು ಹಾಕಿದ್ದು ಕಾರಿನ ರೇಸು. ಇಂಗ್ಲಿಷ್ ಅಕ್ಷರ ಬರುತ್ತದೆ, ಸರಿಯಾಗಿ ಒತ್ತಿದರೆ ಕಾರು ಮುಂದೆ ಹೋಗುತ್ತದೆ. ಆ ಸದ್ದಿಗೆ ಇಡೀ ಊರೇ ಕಿಟಕಿಗೆ ಬಂತು. ಮಕ್ಕಳು ಎರಡು ದಿನದಲ್ಲಿ ಒಂದು ಉಪಾಯ ಕಂಡುಕೊಂಡರು. ಎರಡೂ ಅಂಗೈಯನ್ನು ಕೀಬೋರ್ಡಿನ ಮೇಲೆ ರೊಟ್ಟಿ ತಟ್ಟಿದ ಹಾಗೆ ತಟ್ಟುತ್ತಿದ್ದರೆ ಯಾವುದಾದರೂ ಒಂದು ಸರಿಯಾಗಿ ಬಿದ್ದು ಕಾರು ಓಡುತ್ತಿತ್ತು. ಕಾರು ಗೆದ್ದಿತು, ಅಕ್ಷರ ಒಂದೂ ತಲೆಗೆ ಹೋಗಲಿಲ್ಲ. ಟೀಚರ್ ಅದನ್ನು ತೆಗೆಸಿದರು.

ಆಮೇಲೆ ಕಪ್ಪು ಪರದೆಯದು. ಚಿತ್ರವಿಲ್ಲ, ಸದ್ದಿಲ್ಲ. ನಡುವಿನ ಸಾಲಿನ ಮೇಲೆ ಬೆರಳಿಟ್ಟು ಅದೇ ನಾಲ್ಕು ಅಕ್ಷರ ಒತ್ತುತ್ತಾ ಕೂರಬೇಕು. ಬೆರಳು ಚೆನ್ನಾಗಿಯೇ ಕೂತವು, ಅದರಲ್ಲೂ ನನ್ನ ಮಗಳು ಸಿಂಚನ, ಆಗ ನಾಲ್ಕನೇ ಕ್ಲಾಸು, ಕಣ್ಣು ಮುಚ್ಚಿಕೊಂಡು ಒತ್ತುವಷ್ಟಾದಳು. ಆದರೆ ಮಕ್ಕಳು ಆಕಳಿಸಲು ಶುರುಮಾಡಿದರು. ಕಂಪ್ಯೂಟರ್ ಪೀರಿಯಡ್ಡು ಅಂದರೆ ನೀರು ಕುಡಿಯಲು ಹೋಗುವವರೇ ಹೆಚ್ಚಾದರು. ಹೀಗಾದರೆ ಅಯ್ಯಾ ಬರುವ ಹೊತ್ತಿಗೆ ಕೋಣೆಯಲ್ಲಿ ಯಾರೂ ಇರುವುದಿಲ್ಲ ಅನ್ನಿಸಿತು.

'ಕನ್ನಡದ್ದು ಒಂದದೆ ಅಂತಾರೆ,' ಅಂದರು ಟೀಚರ್. 'ಚಾಮರಾಜನಗರದಲ್ಲಿ ನನ್ನ ಗೆಳತಿ ತಾವ. ಪೆನ್‌ಡ್ರೈವಲ್ಲಿ ಕೊಡ್ತಾಳಂತೆ, ತರೋರು ಬೇಕು.'

ನಾನು ಅಂದೇ ಹೊರಟೆ. ಕೂತು ತೋರಿಸಿಯೇ ಕೊಡಿ ಅಂತ ಆ ಗೆಳತಿಯ ಮನೆಯಲ್ಲಿ ಕಂಪ್ಯೂಟರ್ ಹಾಕಿಸಿಕೊಂಡು ನೋಡಿದೆ. ಇಂಗ್ಲಿಷಿನ ಕೆ ಒತ್ತಿದರೆ ಕ ಬೀಳುತ್ತದೆ, ಎಮ್ ಒತ್ತಿದರೆ ಮ. ಪರದೆಯ ಕೆಳಗೆ ಕಮಲ, ಬಸವ, ಹಸಿರು ಅಂತ ಕನ್ನಡ ಪದ ಬರುತ್ತದೆ. ಎಡಗಡೆ ಒಂದು ಆನೆ. ಅಕ್ಷರ ಸರಿಯಾಗಿ ಒತ್ತಿದರೆ ಆನೆ ಬಲಕ್ಕೆ ಒಂದು ಹೆಜ್ಜೆ, ತಪ್ಪಿದರೆ ಒಂದು ಹೆಜ್ಜೆ ಹಿಂದಕ್ಕೆ. ಬಲಗಡೆಯ ತುದಿಯಲ್ಲಿ ಹಸಿರು, ಒಂದು ಕೊಳ. ಅಲ್ಲಿಗೆ ತಲುಪಿದರೆ ಆನೆ ಸೊಂಡಿಲೆತ್ತಿ ನಮಸ್ಕಾರ ಮಾಡುತ್ತದೆ. ಮೂಲೆಯಲ್ಲಿ ಮಾರ್ಕು ಬರುತ್ತದೆ. ಕನ್ನಡವೂ ಆಯಿತು, ಮಕ್ಕಳಿಗೆ ಚಿತ್ರವೂ ಆಯಿತು. ನಮ್ಮ ಬೆಟ್ಟಕ್ಕೆ ಆನೆಗಿಂತ ಹೊಂದುವ ಪ್ರಾಣಿ ಯಾವುದಿದೆ. ಪೆನ್‌ಡ್ರೈವನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲಿಂದ ಮೇಲೆ ಮುಟ್ಟಿ ನೋಡಿಕೊಳ್ಳುತ್ತಾ ಬಂದೆ. ಸಿದ್ದರಾಜುವಿನ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, 'ಆನೆ ತಂದಿವ್ನಿ ಕಣ್ಲಾ, ಜೇಬಲ್ಲಿ,' ಅಂತ ಹೇಳಿಯೇ ಮುಂದೆ ಹೋದದ್ದು.

ಮಾರನೆಯ ದಿನ ಮಕ್ಕಳು ಕೂತರು. ಕಿಟಕಿಯ ಹೊರಗೆ ನಾನು. ಕೋಣೆಯೊಳಗೆ ಒಂದು ಬಗೆಯ ಬಿಸಿ ಏರಿತು. ಯಾರೂ ಆಕಳಿಸಲಿಲ್ಲ, ಯಾರಿಗೂ ನೀರು ಬೇಕಾಗಲಿಲ್ಲ. ಪಟಪಟ ಪಟಪಟ ಬಟನ್ನಿನ ಸದ್ದು, ನಡುನಡುವೆ ಮಕ್ಕಳ ಕೇಕೆ. ಗೆದ್ದೆವು ಅಂದುಕೊಂಡೆ. ಪೀರಿಯಡ್ಡು ಮುಗಿದಾಗ ಟೀಚರ್ ಮಾರ್ಕು ನೋಡಿದರು. ಐದೂ ಪರದೆಯಲ್ಲಿ ಸೊನ್ನೆ.

ಎರಡನೆಯ ತಂಡ ಕೂತಿತು. ಸೊನ್ನೆ. ಮರುದಿನವೂ ಸೊನ್ನೆ. ಕಪ್ಪು ಪರದೆಯಲ್ಲಿ ಕಣ್ಣು ಮುಚ್ಚಿ ಒತ್ತುತ್ತಿದ್ದ ನನ್ನ ಮಗಳಿಗೂ ಸೊನ್ನೆ.

'ಇದು ಮಕ್ಳಿಗೆ ಕಷ್ಟ ಆಯ್ತಾ ಅದೆ ಅನ್ಸತ್ತೆ ಅಣ್ಣ,' ಅಂದರು ಟೀಚರ್. ಅವರ ಮುಖ ಸಣ್ಣಗಾಗಿತ್ತು. 'ಶುಕ್ರವಾರ ನಿಮ್ಮ ಅಯ್ಯಾ ಬತ್ತಾರೆ. ಕಾರೇ ಆಕ್ಬುಡಾನ. ಓಡೋದಾದ್ರೂ ಕಾಣ್ತದೆ.'

'ಅಂಗೈಲಿ ತಟ್ಟುದ್ರೆ ಅವ್ರಿಗೆ ತಿಳಿಯಲ್ವಾ,' ಅಂದಳು ಗೌರಿ.

ಟೀ ಅಂಗಡಿಗೂ ಸುದ್ದಿ ಮುಟ್ಟಿತ್ತು. 'ಏನ್ಲಾ, ನಿನ್ನಾನೆ ಮಲಗ್ಬುಡ್ತಂತಲ್ಲಾ,' ಅಂದ ಸಿದ್ದರಾಜು. 'ಎಬ್ಬಿಸಕ್ಕೆ ಫಾರೆಸ್ಟ್‌ನೋರ್ನ ಕರಿಲಾ?'

ಟೀ ಅರ್ಧ ಬಿಟ್ಟು ಎದ್ದೆ. ಆ ಮಧ್ಯಾಹ್ನ ಲೋಡಿಗೆ ಹೋಗಲಿಲ್ಲ. ಸೀದಾ ಶಾಲೆಗೆ ಹೋಗಿ, ಚಪ್ಪಲಿ ಬಿಟ್ಟು, ಮಗಳ ಪಕ್ಕದಲ್ಲಿ ಬೆಂಚಿನ ತುದಿಗೆ ಕೂತೆ. ಪದ ಬಂತು, ಕಮಲ. ಅವಳು ಕ ಒತ್ತಿದಳು, ಮ ಒತ್ತಿದಳು. ಆನೆ ಎರಡು ಹೆಜ್ಜೆ ಇಟ್ಟಿತು. ಆಗ ಮಗಳು ಪರದೆಗೆ ಮುಖ ಹತ್ತಿರ ತಂದು, ಹಲ್ಲು ಕಚ್ಚಿ, ಬೇಕಂತಲೇ ತಪ್ಪು ಬಟನ್ನುಗಳನ್ನು ಒಂದಾದ ಮೇಲೊಂದು ಒತ್ತಿದಳು. ಆನೆ ಹಿಂದಕ್ಕೆ ಹಿಂದಕ್ಕೆ ಹೋಗಿ ಎಡಗಡೆಯ ಮೂಲೆಗೆ ಸೇರಿತು. ಮಗಳು ಬೆನ್ನು ಬೆಂಚಿಗೆ ಒರಗಿಸಿ ಉಸಿರು ಬಿಟ್ಟಳು.

'ಏನವ್ವ ಮಾಡ್ತಿದ್ದೀಯೆ?' ಅಂದೆ.

'ಓಡಿಸ್ದೆ ಕಣಪ್ಪ.'

'ಯಾಕೆ?'

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಇಷ್ಟೂ ತಿಳಿಯದ ಅಪ್ಪನಾ ಅನ್ನುವ ಹಾಗೆ. ಪರದೆಯ ಬಲಗಡೆಯ ಹಸಿರಿಗೆ ಬೆರಳಿಟ್ಟಳು. 'ಬುಟ್ರೆ ಒಲಕ್ಕೆ ನುಗ್ತದಲ್ಲ.'

ಎದ್ದು ಉಳಿದ ನಾಲ್ಕು ಪರದೆ ನೋಡಿದೆ. ನಾಲ್ಕರಲ್ಲೂ ಆನೆ ಎಡಗಡೆಯ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿತ್ತು. ಮಕ್ಕಳಲ್ಲಿ ಪಂದ್ಯವೇ ನಡೆಯುತ್ತಿತ್ತು, ಯಾರು ಬೇಗ ಹಿಂದಕ್ಕೆ ಅಟ್ಟುತ್ತಾರೆ ಅಂತ. ಜೋಳ ತೆನೆ ಕಟ್ಟುವ ಕಾಲ. ಊರಿನಲ್ಲಿ ಎಲ್ಲರ ಮನೆಯಲ್ಲೂ ಸಂಜೆಯಾದರೆ ಟಾರ್ಚು, ತಮಟೆ, ಪಟಾಕಿ, ಅಟ್ಟಣೆ. ನಾವೇ ಮಕ್ಕಳಿಗೆ ಬುದ್ಧಿ ಬಂದಾಗಿನಿಂದ ಹೇಳಿಕೊಟ್ಟದ್ದು, ಆನೆ ಹಸಿರಿನ ಕಡೆ ತಿರುಗಿದರೆ ಕೂಗಿ, ಮುಂದೆ ಬಿಡಬೇಡಿ ಅಂತ. ಆ ಆನೆಯನ್ನು ಜೇಬಿನಲ್ಲಿಟ್ಟು ತಂದ ನನಗೂ ಅದು ಹೊಳೆದಿರಲಿಲ್ಲ.

ಟೀಚರಿಗೆ ಹೇಳಿದೆ. ಅವರು ಮೊದಲು ಬಾಯಿ ಬಿಟ್ಟುಕೊಂಡು ನಿಂತರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಒಂದು ಮಾತು ಹೇಳಿದರು. 'ಅಣ್ಣ, ಒಂದು ಸಾರಿನೂ ಬಿಡದಂಗೆ ತಪ್ಪು ಒತ್ತಬೇಕು ಅಂದ್ರೆ ಸರಿ ಬಟನ್ನು ಎಲ್ಲದೆ ಅಂತ ಗೊತ್ತಿರಬೇಕಲ್ವಾ. ನಮ್ಮ ಮಕ್ಳು ಕಲ್ತವ್ರೆ ಕಣಿ.'

ಇನ್ನೇನು, ಹೇಳಿದರೆ ಆಯಿತು ಅಂದುಕೊಂಡೆ. ಮಕ್ಕಳನ್ನೆಲ್ಲ ಕೂರಿಸಿ, 'ನೋಡ್ರಪ್ಪಾ, ಇದು ನಿಜವಾದ ಆನೆ ಅಲ್ಲ, ಬೊಂಬೆ ಆನೆ. ನೀರು ಕುಡಿಯಕ್ಕೆ ಓಯ್ತಾ ಅದೆ. ಬುಟ್ಬುಡಿ,' ಅಂದೆ.

ಪವಿತ್ರ ಎದ್ದು ನಿಂತಳು. ಅವಳು ನಮ್ಮೂರಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವ ಹುಡುಗಿ. ಅಪ್ಪ ಅಮ್ಮ ತಿಗನಾರೆಯಲ್ಲಿ ಗುತ್ತಿಗೆಗೆ ಹೊಲ ಮಾಡುತ್ತಾರೆ. ಆ ವಾರವೇ ಅವರ ಜೋಳಕ್ಕೆ ಆನೆ ನುಗ್ಗಿ, ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗಿ, ಒಂದು ಮೂಲೆ ಪೂರ್ತಿ ನೆಲಕಚ್ಚಿತ್ತು.

'ನೀರು ಕುಡ್ದು ಸುಮ್ನೆ ಓಗಲ್ಲ ಮಾವ,' ಅಂದಳು. 'ಆ ಹಸ್ರು ನಿಮ್ದಾಗಿದ್ರೆ ಬುಡ್ತಿದ್ರಾ?'

ಗೇಟಿನ ಹತ್ತಿರ ಹೋಗಿ ನಿಂತುಕೊಂಡೆ. ಶುಕ್ರವಾರ ಹತ್ತಿರ ಬರುತ್ತಿತ್ತು. ಕಲಿತ ಮಕ್ಕಳಿದ್ದಾರೆ, ಕಲಿತದ್ದನ್ನು ತೋರಿಸುವ ಹಾಗಿಲ್ಲ. ಅಯ್ಯಾ ಬಂದರೆ ಕಾಣುವುದು ಐದು ಸೊನ್ನೆ.

ಸಂಜೆ ಮನೆಯಲ್ಲಿ ಗೌರಿ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಕೇಳಿ, ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಾ ಹೇಳಿದಳು. 'ಮಕ್ಳು ಸರಿಯಾಗೇ ಅವ್ರೆ. ಆನೆ ಓಗೋ ದಿಕ್ಕು ಸರಿಯಾಗಿಲ್ಲ, ಅಷ್ಟೆಯ.'

'ಅದ್ನ ತಿರುಗ್ಸಕ್ಕಾಯ್ತದಾ? ಯಾರೋ ಮಾಡಿರೋದು.'

'ಆನೇನ ಯಾಕ್ ತಿರುಗ್ಸೀರಿ? ಒಲವ ಈ ಕಡೆಗೆ ತನ್ನಿ, ಕಾಡ ಆ ಕಡೆಗೆ ಇಡಿ. ರಟ್ಟು ಇಲ್ವಾ ನಿಮ್ತಾವ?'

ರಟ್ಟು ಇತ್ತು. ಕೀಬೋರ್ಡ್ ಬಂದ ಡಬ್ಬಗಳನ್ನು ನಾನು ಬಿಸಾಡಿರಲಿಲ್ಲ. ಬೆಳಿಗ್ಗೆ ಶಾಲೆಯಲ್ಲಿ ಕಂಪ್ಯೂಟರ್ ಮುಚ್ಚಿಟ್ಟು ಕತ್ತರಿ ತೆಗೆದದ್ದೇ. ಒಂದು ಗುಂಪು ಕಾಡು ಬಿಡಿಸಿತು, ಹುಣಸೆ, ತಾರೆಮರ, ಬಿದಿರು, ನಡುವೆ ಒಂದು ಜಿಂಕೆ. ಇನ್ನೊಂದು ಗುಂಪು ಜೋಳದ ಹೊಲ. ಆ ಹೊಲಕ್ಕೆ ಅಟ್ಟಣೆ ಬೇಕು ಅಂತ ಒಬ್ಬರು, ಅಟ್ಟಣೆ ಮೇಲೆ ಅಪ್ಪ ಬೇಕು ಅಂತ ಇನ್ನೊಬ್ಬರು. ಸಿಂಚನ ಬಿಡಿಸಿದ ಅಪ್ಪನಿಗೆ ನನ್ನ ಮೀಸೆ ಇತ್ತು. ಪವಿತ್ರ ಒಬ್ಬಳೇ ಕೂತು ಕಾಡಿನೊಳಕ್ಕೆ ದೊಡ್ಡದೊಂದು ಕೊಳ ಬಿಡಿಸಿದಳು. ಅದಕ್ಕೆ ನೀಲಿ ಬಳಪ ಪೂರ್ತಿ ಸವೆಸಿದಳು.

'ಇಷ್ಟು ನೀರ್ ಯಾಕಮ್ಮಿ?' ಅಂದೆ.

'ಅಲ್ಲೇ ಇದ್ರೆ ಇಲ್ಲಿಗ್ಯಾಕೆ ಬತ್ತದೆ,' ಅಂದಳು, ತಲೆ ಎತ್ತದೆ.

ಪರದೆಯ ಬಲಗಡೆಯ ಹಸಿರಿನ ಮೇಲೆ ರಟ್ಟಿನ ಕಾಡು ಅಂಟಿತು. ಎಡಗಡೆಯ ಅಂಚಿಗೆ ಜೋಳದ ಹೊಲ. ಈಗ ಆನೆ ನಿಂತಿರುವುದು ಹೊಲದ ಬಾಯಿಯಲ್ಲಿ. ಸರಿ ಒತ್ತಿದರೆ ಕಾಡಿಗೆ ಹೋಗುತ್ತದೆ, ತಪ್ಪಿದರೆ ಜೋಳಕ್ಕೆ. ಟೀಚರ್ ಸ್ವಿಚ್ ಹಾಕಿದರು.

ಆ ಗಂಟೆಯನ್ನು ಹೇಗೆ ಬರೆಯಲಿ. ಬೆರಳುಗಳು ಓಡಿದವು ಅಂದರೆ ಸಾಲದು. ಕಮಲ, ಬಸವ, ಹಸಿರು, ಒಂದೊಂದು ಪದ ಬಿದ್ದ ಹಾಗೆಲ್ಲ ಓ ಓ ಹೊಯ್ ಅಂತ ಕಾವಲಿನ ಕೂಗು. ಹಿಂದೆ ನಿಂತವರು ತಟ್ಟೆ ಬಡಿದರು. ದಾರಿಯಲ್ಲಿ ಹೋಗುತ್ತಿದ್ದವರು ಹಗಲು ಹೊತ್ತಿನಲ್ಲೇ ಆನೆ ಬಂತೆಂದು ದೊಣ್ಣೆ ಹಿಡಿದು ಓಡಿಬಂದರು. ಅವರಲ್ಲಿ ಸಿದ್ದರಾಜುವೂ ಇದ್ದ, ಕೈಯಲ್ಲಿ ಹಾಲಿನ ಸೌಟು. ಸೌಟು ಹಿಡಿದುಕೊಂಡೇ ಮಗನ ಹಿಂದೆ ನಿಂತು, 'ಒತ್ಲಾ, ಒತ್ಲಾ, ತಿರುಗ್ತಾ ಅದೆ,' ಅಂದ.

ಶುಕ್ರವಾರ ಅಯ್ಯಾ ಬಂದರು. ನಾನು ಕಾರಿನ ಬಾಗಿಲು ತೆಗೆಯಲು ಹೋದವನು ಹಿಂದಿನ ಸೀಟು ನೋಡಿದೆ. ಖಾಲಿ ಡಬ್ಬಗಳು, ದೊಡ್ಡವು, ಕಂಪ್ಯೂಟರ್ ತುಂಬುವಂಥವು, ಜೊತೆಗೆ ಹಗ್ಗ. ತೆಗೆದುಕೊಂಡು ಹೋಗಲು ಸಿದ್ಧವಾಗಿಯೇ ಬಂದಿದ್ದರು. ಗೌರಿಗೆ ಕಣ್ಣಲ್ಲೇ ತೋರಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

ಕೋಣೆಯ ಬಾಗಿಲಲ್ಲಿ ಅವರು ನಿಂತುಬಿಟ್ಟರು. ಪರದೆಗಳ ನೆತ್ತಿಯಲ್ಲಿ ವಿಭೂತಿ, ಎರಡೂ ಕಡೆ ರಟ್ಟು, ಬಳಪದ ಗೀಚು. 'ಎನ್ನಮ್ಮಾ ಇದು,' ಅಂದರು, ಏನಿದು ಅಂತ. ದನಿಯಲ್ಲಿ ಅಕ್ಕಿ ಮೂಟೆಯ ನೆನಪು ಇತ್ತು. ಆಟ ಆಡಿ ಹಾಳುಮಾಡಿದ್ದೀರಿ ಅನ್ನುವ ಹಾಗೆ.

ಗೌರಿ ತಮಿಳಿನಲ್ಲಿ, ಕೂತುಕೊಳ್ಳಿ ಅಯ್ಯಾ, ನೀವೇ ಓಡಿಸಿ ನೋಡಿ ಅಂದಳು. ಪವಿತ್ರ ತನ್ನ ಜಾಗ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಳು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಪದ ಬಂದ ಹಾಗೆ ಪವಿತ್ರ ಇಂಗ್ಲಿಷ್ ಅಕ್ಷರ ಹೇಳಿದಳು. ಅವರು ಉಂಗುರದ ಬೆರಳಲ್ಲಿ ಒಂದೊಂದೇ ಹುಡುಕಿ ಒತ್ತಿದರು. ಒಂದು ತಪ್ಪಿತು, ಇನ್ನೊಂದು ತಪ್ಪಿತು. ಆನೆ ಹಿಂದಕ್ಕೆ ಹಿಂದಕ್ಕೆ ಬಂದು ರಟ್ಟಿನ ಜೋಳದೊಳಗೆ ಹಿಂಗಾಲು ಇಟ್ಟಿತು. ಮಕ್ಕಳಿಗೆ ತಡೆಯಲಾಗಲಿಲ್ಲ. 'ಸೀಕ್ಕಿರಂ ತಾತಾ, ಸೀಕ್ಕಿರಂ,' ಅಂತ ಅವರ ಭಾಷೆಯಲ್ಲೇ ಕೂಗಿದರು, ಬೇಗ ಬೇಗ ಅಂತ. ಅವರ ಹಣೆಯಲ್ಲಿ ಬೆವರು ಬಂತು. ಪವಿತ್ರ ಇನ್ನು ಕಾಯಲಿಲ್ಲ. ಅವರ ತೋಳಿನ ಅಡಿಯಿಂದ ಎರಡೂ ಕೈ ತೂರಿಸಿ, ಕೀಬೋರ್ಡು ನೋಡದೆ, ಪರದೆಯನ್ನೇ ನೋಡುತ್ತಾ ಒತ್ತಿದಳು. ಪದದ ಮೇಲೆ ಪದ. ಆನೆ ತಿರುಗಿತು, ಹೊಲ ದಾಟಿತು, ಬಯಲು ದಾಟಿತು, ಹುಣಸೆಮರದ ಹಿಂದೆ ಅರ್ಧವಾಯಿತು, ಬಿದಿರಿನ ಹಿಂದೆ ಪೂರ್ತಿ ಮರೆಯಾಯಿತು. ಅಯ್ಯಾ ಯಾವಾಗ ಎದ್ದು ನಿಂತಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಆ ಹುಡುಗಿಯ ಬೆರಳುಗಳನ್ನೇ ನೋಡಿದರು. ಆಮೇಲೆ ಹೊರಗೆ ತಿರುಗಿ ಡ್ರೈವರನ್ನು ಕರೆದು, ಡಬ್ಬಗಳನ್ನು ಇಳಿಸು ಅಂದರು.

ಟೀಚರ್ ಗೋಡೆಗೆ ಒರಗಿದರು. ಗೌರಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಡ್ರೈವರ್ ಒಂದೊಂದಾಗಿ ತಂದು ಬಾಗಿಲ ಬಳಿ ಇಟ್ಟ. ಅಯ್ಯಾ ಅದರಲ್ಲಿ ಒಂದನ್ನು ಕಾಲಲ್ಲಿ ಮಕ್ಕಳ ಕಡೆಗೆ ನೂಕಿ, 'ಕಾಡು ಪತ್ತಲೆ. ಪೆರಿಸಾ ಪಣ್ಣುಂಗ,' ಅಂದರು. ಕಾಡು ಸಾಲದು, ದೊಡ್ಡದು ಮಾಡಿ ಅಂತ.

ಅರ್ಥವಾಗಲು ನಮಗೆ ಒಂದು ಗಳಿಗೆ ಬೇಕಾಯಿತು. ಮಕ್ಕಳಿಗೆ ಬೇಕಾಗಲಿಲ್ಲ. ಅವರು ಆಗಲೇ ಡಬ್ಬದೊಳಗೆ ಇಳಿದಿದ್ದರು.

ಸಿಂಚನ ಈಗ ಏಳನೇ ಕ್ಲಾಸು, ತಾಳವಾಡಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ನಾನು ಬಿಟ್ಟ ಕ್ಲಾಸನ್ನು ದಾಟಿಯಾಯಿತು. ಮೊನ್ನೆ ಸ್ಪ್ರೇಯರ್ ಹಿಡಿದುಕೊಂಡು ನಾನು ಇದನ್ನೆಲ್ಲ ನೆನೆಯುತ್ತಾ ಕೂತಿದ್ದಾಗ ಅವಳು ಬಸ್ಸಿಳಿದು ಬಂದಳು. ಬ್ಯಾಗನ್ನೂ ಇಳಿಸದೆ ಡಬ್ಬವನ್ನು ನನ್ನ ಕಾಲ ಬಳಿಯಿಂದ ಎಳೆದುಕೊಂಡು, ರಟ್ಟನ್ನು ಬೆರಳಲ್ಲಿ ತಟ್ಟಿ ಗಟ್ಟಿ ಇದೆಯಾ ಅಂತ ನೋಡಿದಳು.

'ಅದ್ಯಾಕವ್ವ ನಿಂಗೆ?' ಅಂದೆ.

'ಶನಿವಾರ ಪವಿತ್ರಾನೂ ನಾನೂ ಶಾಲೆ ತಾವ ಓಯ್ತೀವಿ ಕಣಪ್ಪ,' ಅಂದಳು. 'ಒಸ ಮಕ್ಳು ಬಂದವ್ರೆ. ಕಾಡು ಅರ್ದೋಗ್ಬುಟ್ಟದೆ, ಒಸ್ದಾಗಿ ಮಾಡ್ಬೇಕು.'